ಮನೆಯಿಂದಲೇ ಹಾಜರಿ

ಮುನಿಲಕ್ಷ್ಮಮ್ಮ ಬಲಗಾಲಿನ ಮಂಡಿ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದ ವಾರವೇ ಸೊಸೆ ದಿವ್ಯ ಕಾಲೇಜಿಗೆ ಹೋಗುವುದು ಮೂರು ದಿನದಿಂದ ಎರಡು ದಿನಕ್ಕೆ ಇಳಿಯಿತು. ಹೋಗಬೇಡ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊಸಿಲ ಹತ್ತಿರ ಬಂದಾಗ ಒಳಗಿನ ಕೋಣೆಯಿಂದ ಅತ್ತೆಯ ದನಿ ಕೇಳಿತು.

"ಹೊರಟ್ಯೇನಮ್ಮಾ? ಹಂಗಾದ್ರೆ ನನ್ನ ಬಾತ್‌ರೂಮಿಗೆ ಕರ್ಕೊಂಡೋಗೋರು ಯಾರು? ಹೋಗ್ಲಿ ಬಿಡು, ನೀನು ಬರೋವರ್ಗೂ ಹೆಂಗೋ ತಡ್ಕೊಂತೀನಿ."

ದಿವ್ಯ ಬ್ಯಾಗು ಕೆಳಗಿಟ್ಟಳು.

ಸಾರಕ್ಕಿಯ ಹಳೇ ಊರಿನೊಳಗೆ, ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಅವರದು ಮೂರಂತಸ್ತಿನ ಮನೆ. ಕೆಳಗೆ ಮನೆಯವರು, ಮೇಲೆ ಬಾಡಿಗೆಯವರು. ಯಜಮಾನ ಕೆಂಪರಾಜುವಿನ ತಂದೆಯ ಕಾಲದಲ್ಲಿ ಕೆರೆಯ ಕೆಳಗೆ ಸೊಪ್ಪು, ರಾಗಿ ಬೆಳೆಯುತ್ತಿದ್ದ ಕುಟುಂಬ ಈಗ ಬಾಡಿಗೆಯ ಮೇಲೆ ನಡೆಯುತ್ತಿತ್ತು. ಮಗ ಮನು ಜೆ.ಪಿ. ನಗರದಲ್ಲಿ ಪ್ಲಂಬಿಂಗ್ ಸಾಮಾನಿನ ಅಂಗಡಿ ಇಟ್ಟಿದ್ದ. ಅವನಿಗಿಂತ ಎರಡು ವರ್ಷ ದೊಡ್ಡವಳು ಚೈತ್ರ. ಇಪ್ಪತ್ತೊಂಬತ್ತು ತುಂಬಿದ್ದರೂ ಅವಳಿಗೆ ಮದುವೆಯಾಗಿರಲಿಲ್ಲ. ಬಂದ ನಾಲ್ಕು ಗಂಡುಗಳನ್ನೂ ಅವಳೇ ಬೇಡವೆಂದಿದ್ದಳು. ತಾಯಿ ಗೊಣಗಿದಾಗಲೆಲ್ಲ, "ನನಗೊಂದು ಕೆಲಸ ಇದೆಯಲ್ಲಮ್ಮ, ನಿಮಗೇನು ಭಾರ ಆಗಿದ್ದೀನಾ?" ಎನ್ನುತ್ತಿದ್ದಳು. ಕೊನೆಗೆ ಅಕ್ಕನನ್ನು ಮನೆಯಲ್ಲಿಟ್ಟುಕೊಂಡೇ ತಮ್ಮನ ಮದುವೆ ಮಾಡಿದ್ದರು.

ಚೈತ್ರಳ ಕೆಲಸ ಜಯನಗರದ ಒಂದು ಖಾಸಗಿ ಪದವಿ ಕಾಲೇಜಿನ ತಂತ್ರಜ್ಞಾನ ವಿಭಾಗದಲ್ಲಿ. ಲೈಬ್ರರಿಯ ಪಕ್ಕದ ಆ ಉದ್ದನೆಯ ಕೋಣೆಗೆ ಹುಡುಗರು 'ಟೆಕ್ ರೂಮ್' ಎನ್ನುತ್ತಿದ್ದರು. ಪಾಸ್‌ವರ್ಡ್ ಮರೆತವರು, ಪ್ರೊಜೆಕ್ಟರ್ ಹತ್ತದೆ ಒದ್ದಾಡುವ ಮೇಷ್ಟ್ರುಗಳು, ಕೊನೆ ಗಳಿಗೆಯಲ್ಲಿ ಅಸೈನ್‌ಮೆಂಟ್ ಅಪ್‌ಲೋಡ್ ಆಗದೆ ಕಣ್ಣಲ್ಲಿ ನೀರು ತುಂಬಿಕೊಂಡವರು, ಎಲ್ಲರೂ ಅಲ್ಲಿಗೇ ಬರಬೇಕು. ಮೂರು ವರ್ಷದ ಹಿಂದೆ ಕಾಲೇಜು ಪಾಠದ ಪೋರ್ಟಲ್ ತಂದಾಗ ಅದನ್ನು ಕಲಿತು, ಮೇಷ್ಟ್ರುಗಳಿಗೂ ಕಲಿಸಿ ನಿಲ್ಲಿಸಿದವಳು ಚೈತ್ರ. ಕಾಲೇಜಿಗೆ ಬರಲಾಗದ ದಿನದ ಪಾಠವನ್ನು ವಿದ್ಯಾರ್ಥಿಗಳು ಮನೆಯಲ್ಲೇ ಪೋರ್ಟಲ್ಲಿನಲ್ಲಿ ನೋಡಬಹುದಿತ್ತು. ಐವತ್ತು ನಿಮಿಷದ ಪಾಠದ ನಡುವೆ ಹತ್ತು ನಿಮಿಷಕ್ಕೊಮ್ಮೆ ಪರದೆಯ ಮೇಲೆ ಪ್ರಶ್ನೆಯೊಂದು ಬರುತ್ತಿತ್ತು; ಒಂದು ನಿಮಿಷದೊಳಗೆ ಉತ್ತರ ಒತ್ತಬೇಕು. ಎರಡು ಪ್ರಶ್ನೆ ತಪ್ಪಿದರೆ ಆ ಪಾಠಕ್ಕೆ ಹಾಜರಿ ಇಲ್ಲ. ಒಟ್ಟು ಹಾಜರಿ ನೂರಕ್ಕೆ ಎಪ್ಪತ್ತೈದು ದಾಟದವರಿಗೆ ಪರೀಕ್ಷೆಯ ಹಾಲ್ ಟಿಕೆಟ್ ಇಲ್ಲ.

ಮನುವಿಗಾಗಿ ಗೊಟ್ಟಿಗೆರೆಗೆ ಹೆಣ್ಣು ನೋಡಲು ಹೋದಾಗ ದಿವ್ಯ ಅದೇ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಳು. ಅವಳ ತಂದೆ ಲಕ್ಕಪ್ಪ ಕೇಳಿದ್ದು ಒಂದೇ. "ಹುಡುಗಿ ಡಿಗ್ರಿ ಮುಗಿಸ್ಲಿ. ಅದೊಂದು ನಡೆಸ್ಕೊಡಿ." ಮುನಿಲಕ್ಷ್ಮಮ್ಮ ಮುಖ ಗಂಟು ಹಾಕಿದಾಗ ಮಾತಿಗೆ ಬಂದವಳು ಚೈತ್ರ. "ಅಮ್ಮ, ಪೋರ್ಟಲ್ ಇದೆ. ಮೂರು ದಿನ ಹೋಗ್ತಾಳೆ, ಮೂರು ದಿನ ಮನೇಲೇ ನೋಡ್ಕೊಂತಾಳೆ. ಅದನ್ನ ನೋಡ್ಕೊಳೋದೇ ನಾನು." ಆ ಮಾತಿನ ಮೇಲೆ ಮದುವೆ ಆಯಿತು. ಐದನೇ ಸೆಮಿಸ್ಟರ್ ಪೂರ್ತಿ ದಿವ್ಯ, ಚೈತ್ರ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋಗಿ ಬಂದರು. ದಿವ್ಯ ಒಳ್ಳೆಯ ಅಂಕ ತೆಗೆದಳು.

ಅತ್ತೆಯ ಆಪರೇಷನ್ ಆದದ್ದು ಆರನೇ ಸೆಮಿಸ್ಟರ್ ಶುರುವಾದ ಮೂರನೇ ವಾರದಲ್ಲಿ.

ಮಾರ್ಚ್ ಹೊತ್ತಿಗೆ ಎರಡು ದಿನ ಒಂದಾಯಿತು, ಏಪ್ರಿಲ್ಲಿನಲ್ಲಿ ಅದೂ ನಿಂತಿತು. ದಿವ್ಯ ಬೆಳಿಗ್ಗೆ ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿ, ಅತ್ತೆಯನ್ನು ಎಬ್ಬಿಸಿ, ವ್ಯಾಯಾಮ ಮಾಡಿಸಿ, ಸ್ನಾನ ಮಾಡಿಸಿ, ಮಾವನಿಗೆ ಕಾಫಿ, ಗಂಡನಿಗೆ ತಿಂಡಿ ಕೊಡುತ್ತಿದ್ದಳು. ಹತ್ತು ಗಂಟೆಗೆ ಫೋನನ್ನು ರಾಗಿ ಹಿಟ್ಟಿನ ಡಬ್ಬಿಗೆ ಒರಗಿಸಿ ಪಾಠ ಹಾಕಿಕೊಂಡು ಅಡುಗೆಗೆ ನಿಲ್ಲುತ್ತಿದ್ದಳು. ಮುದ್ದೆ ತಿರುವುವಾಗ ಎರಡೂ ಕೈ ಕೋಲಿನ ಮೇಲಿರುತ್ತವೆ. ಪ್ರಶ್ನೆ ಬಂದಿದ್ದು ಕಾಣುತ್ತಿತ್ತು. ಉತ್ತರವೂ ಗೊತ್ತಿರುತ್ತಿತ್ತು. ಕೋಲು ಬಿಟ್ಟರೆ ಗಂಟಾಗುತ್ತದೆ. ಗಂಟಿನ ಮುದ್ದೆಯನ್ನು ಮಾವ ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬರುವಷ್ಟರಲ್ಲಿ ಪ್ರಶ್ನೆ ಹೋಗಿರುತ್ತಿತ್ತು.

"ಯಾರೇ ಅದು, ಬೆಳಗ್ಗೆಯಿಂದ ಒಂದೇ ಸಮ ಮಾತಾಡ್ತಾನೆ?" ಎಂದಳು ಮುನಿಲಕ್ಷ್ಮಮ್ಮ ಒಂದು ದಿನ, ವಾಕರ್ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು.

"ಪಾಠ ಅತ್ತೆ. ಕಾಸ್ಟಿಂಗು."

"ಹೇಳ್ಲಿ ಬಿಡು. ಅವನ ಪಾಡಿಗೆ ಅವನು ಹೇಳ್ತಾನೆ, ನಿನ್ನ ಪಾಡಿಗೆ ನೀನು ಕೆಲಸ ಮಾಡು. ಕಾಲೇಜಿಗೆ ಓಡೋದು ತಪ್ತು ನೋಡು. ಆ ಒಲೆ ಸಣ್ಣ ಮಾಡು, ಸಾರು ಉಕ್ಕುತ್ತೆ."

ಚೈತ್ರಳಿಗೆ ಎಲ್ಲವೂ ಕಾಣುತ್ತಿತ್ತು. ಮನೆಯಲ್ಲಿ ಕಾಣದಿದ್ದರೂ ಆಫೀಸಿನ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು: ದಿವ್ಯ, ಅರವತ್ತೆಂಟು. ಮುಂದಿನ ವಾರ ಅರವತ್ತನಾಲ್ಕು. ಒಂದು ಭಾನುವಾರ ಎಲ್ಲರೂ ಮಧ್ಯಾಹ್ನದ ಊಟಕ್ಕೆ ಕೂತಾಗ ಅವಳು ಮಾತು ತೆಗೆದಳು.

"ಅಪ್ಪ, ಅಮ್ಮನ್ನ ನೋಡ್ಕೊಳಕ್ಕೆ ಒಬ್ಬರನ್ನ ಇಡೋಣ. ಎರಡು ತಿಂಗಳ ಮಟ್ಟಿಗೆ. ದಿವ್ಯಂದು ಹಾಜರಿ ಬೀಳ್ತಿದೆ."

"ಕಂಡೋರು ಬಂದು ನನಗೆ ಸ್ನಾನ ಮಾಡಿಸ್ಬೇಕಾ? ಸೊಸೆ ಮನೇಲಿದ್ದು?" ಮುನಿಲಕ್ಷ್ಮಮ್ಮ ತುತ್ತು ತಟ್ಟೆಗೆ ಹಾಕಿದಳು. "ನಾನು ನಮ್ಮತ್ತೆಗೆ ಒಂಬತ್ತು ವರ್ಷ ಮಾಡಿದ್ದೀನಿ. ಹಾಸಿಗೇಲೇ."

"ಹೆಂಗೂ ಫೋನಲ್ಲೇ ಬರುತ್ತಲ್ಲಕ್ಕ, ನೀನೇ ಹೇಳಿದ್ದೆ," ಎಂದ ಮನು. "ಕಾಲೇಜಿಗೇ ಹೋಗ್ಬೇಕು ಅಂತೇನಿಲ್ವಲ್ಲ."

"ಫೋನಲ್ಲಿ ಬಂದ್ರೆ ಸಾಲ್ದು, ಕೂತು ನೋಡ್ಬೇಕು. ಅವಳಿಗೆ ಕೂರಕ್ಕೆ ಟೈಮೆಲ್ಲಿದೆ?"

ಕೆಂಪರಾಜು ಉಪ್ಪಿನಕಾಯಿ ಬಟ್ಟಲನ್ನು ಮಗಳ ಕಡೆ ಸರಿಸಿ, "ಅಷ್ಟಿದ್ರೆ ನೀನೇ ರಜಾ ಹಾಕವ್ವ. ಹೆತ್ತ ತಾಯಿ. ನೀನು ಒಂದಷ್ಟು ದಿನ ಮಾಡು, ಅವಳು ಓದ್ಕೊಳ್ಲಿ" ಎಂದ.

ದಿವ್ಯ ಸಾರಿನ ಪಾತ್ರೆ ಹಿಡಿದು ನಿಂತಿದ್ದವಳು ಚೈತ್ರಳ ಮುಖ ನೋಡಿದಳು.

"ಈಗ ರಜಾ ಸಿಗಲ್ಲಪ್ಪ," ಎಂದಳು ಚೈತ್ರ. "ಸೆಮಿಸ್ಟರ್ ಮಧ್ಯ ಯಾರಿಗೂ ಕೊಡಲ್ಲ."

ಅವಳಿಗೆ ಇನ್ನೂ ಹನ್ನೊಂದು ದಿನ ರಜೆ ಉಳಿದಿತ್ತು. ಕೇಳಿದ್ದರೆ ಕೊಡುತ್ತಿದ್ದರು. ಅವಳು ಕೇಳಲಿಲ್ಲ. ಒಮ್ಮೆ ಮನೆಯಲ್ಲಿ ಉಳಿದರೆ ಮತ್ತೆ ಹೊರಡುವುದು ಕಷ್ಟ ಎಂಬುದನ್ನು ಅವಳು ಎರಡು ತಿಂಗಳಿಂದ ಕಣ್ಣಾರೆ ನೋಡುತ್ತಿದ್ದಳು. ಆ ಊಟದ ನಂತರ ಮಾತ್ರ ದಿವ್ಯಳಿಗೆ ಎದುರಾದಾಗಲೆಲ್ಲ ಅವಳು ಏನಾದರೂ ಕೆಲಸ ಹುಡುಕಿಕೊಂಡು ಆಚೆ ಹೋಗತೊಡಗಿದಳು.

ಮೇ ತಿಂಗಳ ಕೊನೆಗೆ ಹಾಜರಿಯ ಕೊನೆಯ ಪಟ್ಟಿ ಹೊರಡುವುದಿತ್ತು. ಆ ಗುರುವಾರ ಮಧ್ಯಾಹ್ನ ಹನುಮಂತನಗರದ ಪ್ರಕೃತಿ ಎಂಬ ಹುಡುಗಿ ಟೆಕ್ ರೂಮಿಗೆ ಬಂದಳು. ಅವಳ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಎರಡು ಕಾಗದಗಳಿದ್ದವು.

"ಮೇಡಂ, ನಮ್ಮ ರೋಡಲ್ಲಿ ಡ್ರೈನೇಜ್ ಅಗೆಯುವಾಗ ಕೇಬಲ್ ಕಿತ್ತಾಕಿದ್ರು. ಹನ್ನೆರಡು ದಿನ ನೆಟ್ ಇರ್ಲಿಲ್ಲ. ಆಗ್ಲೇ ಅಮ್ಮಂಗೆ ಡೆಂಗ್ಯೂ ಆಗಿ ಅಡ್ಮಿಟ್ ಮಾಡಿದ್ವಿ, ಕಾಲೇಜಿಗೂ ಬರಕ್ಕಾಗ್ಲಿಲ್ಲ. ಕಂಪ್ಲೇಂಟ್ ಕಾಪಿ ತಂದಿದ್ದೀನಿ. ಒಂದೇ ಪರ್ಸೆಂಟು ಮೇಡಂ ಕಮ್ಮಿ ಇರೋದು."

ಚೈತ್ರ ಕಾಗದ ನೋಡಿದಳು. ಎಲ್ಲ ಸರಿಯಾಗಿತ್ತು. "ನೆಟ್ ತೊಂದ್ರೆ ಆದ್ರೆ ಏಳು ದಿನದೊಳಗೆ ಪೋರ್ಟಲ್‌ನಲ್ಲಿ ಅರ್ಜಿ ಹಾಕ್ಬೇಕಿತ್ತಮ್ಮ. ರೂಲಿದೆ."

"ನೆಟ್ಟೇ ಇರ್ಲಿಲ್ಲ ಮೇಡಂ, ಅರ್ಜಿ ಹೆಂಗೆ ಹಾಕ್ಲಿ?"

"ಇಲ್ಲಿಗೆ ಬಂದು ಕೊಡ್ಬೋದಿತ್ತು."

"ಆಸ್ಪತ್ರೇಲಿದ್ದೆ ಮೇಡಂ."

"ನಿಂಗೊಬ್ಬಳಿಗೆ ಮಾಡಿದ್ರೆ ಎಲ್ರಿಗೂ ಮಾಡ್ಬೇಕಾಗುತ್ತೆ. ನನ್ನ ಕೈಲಿ ಇಲ್ಲ," ಎಂದಳು ಚೈತ್ರ. ಹುಡುಗಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು. ಹಿಂದೆ ಸಾಲಿನಲ್ಲಿದ್ದವರು "ಬೇಗ ಮುಗಿಸ್ರೀ" ಎಂದಾಗ ಕಾಗದ ಕವರಿಗೆ ಹಾಕಿಕೊಂಡು ಹೋದಳು.

ಅದೇ ದಿನ ಸಂಜೆ ನಾಲ್ಕೂ ನಲವತ್ತಕ್ಕೆ, ಪಕ್ಕದ ಕುರ್ಚಿಯವರು ಕಾಫಿಗೆ ಹೋದಾಗ, ಚೈತ್ರ ದಿವ್ಯಳ ಹೆಸರು ತೆರೆದಳು. ಐವತ್ತೆಂಟು. ಅರ್ಧ ನೋಡಿ ಬಿಟ್ಟುಹೋದ ಪಾಠಗಳು ಸಾಲಾಗಿ ಕೆಂಪು ಬಣ್ಣದಲ್ಲಿದ್ದವು. ಒಂದೊಂದನ್ನೇ ತೆರೆದು 'ನೆಟ್‌ವರ್ಕ್ ತೊಂದರೆ' ಎಂದು ಕಾರಣ ಹಾಕಿ ಹಾಜರಿ ಕೊಟ್ಟಳು. ನಲವತ್ತನಾಲ್ಕು ಪಾಠ. ಎಪ್ಪತ್ತಾರು ಆಯಿತು. ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ಎರಡು ದಿನ ಬಿಟ್ಟು ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ದಿವ್ಯ, "ಅಕ್ಕ, ನಂದು ಹಾಜರಿ ಎಪ್ಪತ್ತಾರು ತೋರಿಸ್ತಿದೆ" ಎಂದಳು ಸಣ್ಣ ದನಿಯಲ್ಲಿ.

"ತೋರಿಸ್ಲಿ ಬಿಡು. ನೀನು ಓದ್ಕೊ."

ದಿವ್ಯ ಕೈಯಲ್ಲಿದ್ದ ಕಾಯಿಯ ನಾರು ತೆಗೆದಳು. ಇನ್ನೇನೋ ಕೇಳುವವಳಂತೆ ತಲೆ ಎತ್ತಿ, ಮತ್ತೆ ತಗ್ಗಿಸಿದಳು. ಆ ದಿನದಿಂದ ಮಧ್ಯಾಹ್ನ ಅತ್ತೆ ಮಲಗಿದಾಗ ಪುಸ್ತಕ ಹಿಡಿದು ಕೂರತೊಡಗಿದಳು.

ಪ್ರಕೃತಿ ಸುಮ್ಮನಾಗಿರಲಿಲ್ಲ. ಕಾಮರ್ಸ್ ಮೇಡಂ ಶೃತಿಯವರ ಬಳಿ ಹೋಗಿ ಅತ್ತಿದ್ದಳು. ಶೃತಿ ಮೇಡಂ ಟೆಕ್ ರೂಮಿನ ಮುಖ್ಯಸ್ಥ ಅನಂತಪದ್ಮನಾಭ ಅವರನ್ನು ಕಂಡು, "ಏಳು ದಿನ ದಾಟಿದ ಮೇಲೆ ಯಾರಿಗಾದ್ರೂ ತಿದ್ದಿ ಕೊಟ್ಟಿದ್ದೀರಾ ಸಾರ್? ಕೊಟ್ಟಿದ್ರೆ ಈ ಹುಡುಗಿಗೂ ಕೊಡಿ" ಎಂದು ಕೇಳಿದರು. ಅವರು ತಿದ್ದುಪಡಿಗಳ ಪಟ್ಟಿ ತೆಗೆಸಿದರು. ಒಬ್ಬಳೇ ಹುಡುಗಿ, ಒಂದೇ ಸಂಜೆ, ನಲವತ್ತನಾಲ್ಕು ಪಾಠ. ಅರ್ಜಿ ಒಂದೂ ಇಲ್ಲ.

ಅನಂತಪದ್ಮನಾಭ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ನಿವೃತ್ತರಾಗಿ ಬಂದವರು. ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಹಿಂದಿನ ವರ್ಷ ಚೈತ್ರಳಿಗೆ ಬಡ್ತಿ ಕೊಡಿಸಲು ಆಡಳಿತ ಮಂಡಳಿಯೊಂದಿಗೆ ವಾದಿಸಿದ್ದವರು ಅವರೇ. ಅವಳನ್ನು ಕರೆದು ಕೂರಿಸಿ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟರು.

"ಈ ವಿದ್ಯಾರ್ಥಿನಿ ವಿಳಾಸ, ನಿಮ್ಮ ವಿಳಾಸ, ಎರಡೂ ಒಂದೇ ಇದೆಯಲ್ಲಮ್ಮ."

"ನನ್ನ ತಮ್ಮನ ಹೆಂಡ್ತಿ ಸಾರ್."

"ನೆಟ್‌ವರ್ಕ್ ತೊಂದ್ರೆ ಇತ್ತಾ?"

"ಇಲ್ಲ ಸಾರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನನ್ನ ಒಂದು ಮಾತು ಕೇಳ್ಬೋದಿತ್ತು."

"ಕೇಳಿದ್ರೆ ಆಗಲ್ಲ ಅಂತಿದ್ರಿ."

"ಹೌದು. ಅಂತಿದ್ದೆ." ಮತ್ತೆ ಕನ್ನಡಕ ಹಾಕಿಕೊಂಡು, "ಅದೇ ಮಧ್ಯಾಹ್ನ ಆ ಇನ್ನೊಂದು ಹುಡುಗೀನ ವಾಪಸ್ ಕಳಿಸಿದ್ದೀರಿ. ಅದು ನನಗೆ ತುಂಬ ಕಷ್ಟ ಆಯ್ತು ಚೈತ್ರಾ" ಎಂದರು.

ಚೈತ್ರ ಅಲ್ಲೇ ಕೂತು ರಾಜೀನಾಮೆ ಬರೆದುಕೊಟ್ಟಳು. ತೆಗೆದುಹಾಕುವುದಕ್ಕಿಂತ ಅದೇ ಮೇಲು ಎಂದು ಅವರೇ ಹೇಳಿದ್ದರು. ಪ್ರಕೃತಿಗೆ ಮಾರನೇ ದಿನ ಹಾಲ್ ಟಿಕೆಟ್ ಸಿಕ್ಕಿತು. ದಿವ್ಯಳ ನಲವತ್ತನಾಲ್ಕೂ ಪಾಠದ ಹಾಜರಿ ಅಳಿಸಿದರು.

ಆದರೆ ಒಂದು ದಾರಿ ಇತ್ತು. ಮನೆಯವರ ಕಾಯಿಲೆಯಿಂದ ಗೈರಾದವರಿಗೆ ಪ್ರಾಂಶುಪಾಲರು ವಿನಾಯಿತಿ ಕೊಡಲು ಅವಕಾಶವಿತ್ತು. ಶೃತಿ ಮೇಡಂ ತಾವೇ ಪ್ರಾಂಶುಪಾಲರ ಜತೆ ಮಾತಾಡಿ, ಮನೆಯ ಹಿರಿಯರು ಸಹಿ ಮಾಡಬೇಕಾದ ಪತ್ರವನ್ನು ಟೈಪ್ ಮಾಡಿಸಿ ಚೈತ್ರಳ ಕೈಗೆ ಕೊಟ್ಟರು. ಅತ್ತೆಗೆ ಆಪರೇಷನ್ ಆಗಿತ್ತು, ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ಫೆಬ್ರವರಿಯಿಂದ ಮೇವರೆಗೆ ಸೊಸೆಯನ್ನು ಮನೆಯಲ್ಲೇ ಉಳಿಸಿಕೊಂಡೆವು ಎಂದಷ್ಟೇ ಅದರಲ್ಲಿತ್ತು. ಆಸ್ಪತ್ರೆಯ ಕಾಗದದ ಜತೆ ಶುಕ್ರವಾರದೊಳಗೆ ಕೊಡಬೇಕು.

ಚೈತ್ರ ರಾತ್ರಿ ಒಂಬತ್ತಕ್ಕೆ, ಎಲ್ಲರ ಊಟ ಮುಗಿದ ಮೇಲೆ, ಕೆಲಸ ಹೋದ ವಿಷಯವನ್ನೂ ಪತ್ರದ ವಿಷಯವನ್ನೂ ಒಟ್ಟಿಗೇ ಹೇಳಿದಳು. ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಮೊದಲು ಎದ್ದದ್ದು ಮುನಿಲಕ್ಷ್ಮಮ್ಮನ ದನಿ.

"ಏಳು ವರ್ಷದ ಕೆಲಸ! ಯಾರು ಹೇಳಿದ್ರೇ ನಿಂಗೆ ಅದನ್ನ ಮಾಡು ಅಂತ? ಇವಳು ಕೇಳಿದ್ಲಾ?"

"ಅವಳು ಕೇಳ್ಲಿಲ್ಲ."

"ಬಾಯಿ ಬಿಟ್ಟು ಕೇಳ್ಬೇಕಾ? ಮೂರು ತಿಂಗಳಿಂದ ಮುಖ ಊದಿಸ್ಕೊಂಡು ಓಡಾಡಿದ್ರೆ ಸಾಲ್ದಾ?"

ದಿವ್ಯ ಗೋಡೆಗೆ ಒರಗಿ ನಿಂತಿದ್ದಳು. ಕೆಂಪರಾಜು ಪತ್ರವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಎರಡು ಸಲ ಓದಿದ.

"'ಮನೆಯಲ್ಲೇ ಉಳಿಸಿಕೊಂಡೆವು' ಅಂತ ಬರೆದವ್ರೆ. ನಾನು ಯಾವತ್ತು ಉಳಿಸ್ಕೊಂಡೆ? ಏನಮ್ಮಾ ದಿವ್ಯಾ, ಒಂದು ದಿನ ಕಾಲೇಜಿಗೆ ಹೋಗ್ಬೇಡ ಅಂದಿದ್ದೀನಾ ನಾನು?"

"ಇಲ್ಲ ಮಾವ."

"ನಿಮ್ಮತ್ತೆ ಅಂದವ್ಳಾ?"

"ಇಲ್ಲ."

"ಕೇಳಿದ್ರಾ?" ಕೆಂಪರಾಜು ಮಗನ ಕಡೆ, ಮಗಳ ಕಡೆ ತಿರುಗಿದ. "ಮತ್ತೆ ನಾನು ಯಾಕೆ ಸೈನ್ ಹಾಕ್ಲಿ? ನಾಳೆ ಇದು ಯಾರ್ಯಾರ ಕೈಗೆ ಹೋಗುತ್ತೋ. ಸಾರಕ್ಕೀಲಿ ಕೆಂಪರಾಜು ಸೊಸೇನ ಚಾಕರಿಗೆ ಇಟ್ಕೊಂಡಿದ್ದ ಅಂತ ಆಗ್ಬೇಕಾ?"

"ಅಪ್ಪ, ಆಗಿದ್ದೇ ಅದು," ಎಂದಳು ಚೈತ್ರ.

"ಬಾಯ್ಮುಚ್ಚು! ಕೆಲಸ ಕಳ್ಕೊಂಡು ಬಂದಿದ್ದೀಯ, ಮಾತು ಬೇರೆ."

"ನೋಡ್ಕೊಳೋರು ಬೇರೆ ಯಾರೂ ಇಲ್ಲ ಅಂತ ಬೇರೆ ಬರೆದವ್ರೆ," ಎಂದಳು ಮುನಿಲಕ್ಷ್ಮಮ್ಮ. "ಮಗಳು ಇರ್ಲಿಲ್ವಾ? ಕೇಳೋರು ಏನಂತಾರೆ?"

ಪತ್ರ ಮೂರು ದಿನ ಟಿ.ವಿ.ಯ ಪಕ್ಕದಲ್ಲಿತ್ತು. ಬುಧವಾರ ಚೈತ್ರ ಮತ್ತೆ ಕೇಳಿದಳು, ಗುರುವಾರ ಮನು ಕೇಳಿದ. ಕೆಂಪರಾಜು ಎರಡು ಸಲವೂ ಚಪ್ಪಲಿ ಮೆಟ್ಟಿಕೊಂಡು ಹಾಲಿನ ಬೂತಿನ ಕಡೆ ಹೊರಟುಹೋದ.

ಶುಕ್ರವಾರ ಮಧ್ಯಾಹ್ನ ಮನು ಹೆಂಡತಿಗೆ ಹೊರಡು ಎಂದ. "ನಾನು ಎಲ್ಲಾ ಸೆಟ್ ಮಾಡಿದ್ದೀನಿ." ದಿವ್ಯ ಎರಡು ತಿಂಗಳ ನಂತರ ಕಾಲೇಜಿನ ಮೆಟ್ಟಿಲು ಹತ್ತಿದಳು. ಪ್ರಾಂಶುಪಾಲ ಚನ್ನಬಸವಯ್ಯನವರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಾಗ ಮನು ಜೇಬಿನಿಂದ ಮಡಚಿದ ಕಾಗದಗಳನ್ನು ತೆಗೆದ. ಒಂದರಲ್ಲಿ ಅವನದೇ ಸಹಿ ಇತ್ತು: ನನ್ನ ಹೆಂಡತಿ ಟೈಫಾಯ್ಡ್ ಬಂದು ಮರುಕಳಿಸಿ ಮೂರು ತಿಂಗಳು ಹಾಸಿಗೆ ಹಿಡಿದಿದ್ದಳು. ಇನ್ನೊಂದು ಬಿ.ಟಿ.ಎಂ. ಲೇಔಟಿನ ಅವನ ಗೆಳೆಯನೊಬ್ಬ ಪರಿಚಯದ ಡಾಕ್ಟರಿಂದ ಬರೆಸಿಕೊಟ್ಟ ಸರ್ಟಿಫಿಕೇಟು.

"ನೀನು ಸುಮ್ನೆ ಹೂಂ ಅನ್ನು, ಸಾಕು," ಎಂದ ಮನು.

ಚನ್ನಬಸವಯ್ಯ ಕಾಗದ ಓದಿ, ಕನ್ನಡಕದ ಮೇಲಿಂದ ದಿವ್ಯಳನ್ನು ನೋಡಿದರು. ಪಕ್ಕದಲ್ಲಿ ಶೃತಿ ಮೇಡಂ ಕೂತಿದ್ದರು.

"ಅತ್ತೆಗೆ ಆಪರೇಷನ್ ಅಂತ ಮೇಡಂ ಹೇಳಿದ್ರು. ಇಲ್ಲಿ ಟೈಫಾಯ್ಡ್ ಅಂತಿದೆ. ನಿನಗೆ ಹುಷಾರಿರ್ಲಿಲ್ವೇನಮ್ಮ?"

ಮನು, "ಎರಡೂ ಆಗಿತ್ತು ಸಾರ್" ಎಂದ.

"ನಾನು ಅವಳನ್ನ ಕೇಳ್ತಿದ್ದೀನಿ."

"ನಂಗೆ ಏನೂ ಆಗಿರ್ಲಿಲ್ಲ ಸಾರ್," ಎಂದಳು ದಿವ್ಯ. "ಚೆನ್ನಾಗೇ ಇದ್ದೆ. ಮನೇಲಿ ಕೆಲಸ ಇತ್ತು. ಅತ್ತೇನ ನಾನೇ ನೋಡ್ಕೊಬೇಕಿತ್ತು."

ಚನ್ನಬಸವಯ್ಯ ಸರ್ಟಿಫಿಕೇಟನ್ನು ಮಡಚಿ ಮನುವಿನ ಕಡೆ ತಳ್ಳಿದರು. "ಇದನ್ನ ತಗೊಂಡ್ಹೋಗಿ. ನಾನು ನೋಡೇ ಇಲ್ಲ. ಅವಳು ಹೇಳಿದ್ದನ್ನೇ ಬರೆದು, ಮನೆ ಯಜಮಾನ್ರ ಸಹಿ ಹಾಕಿಸ್ಕೊಂಡು ಐದು ಗಂಟೆ ಒಳಗೆ ಬನ್ನಿ. ಇವತ್ತೇ ಪಟ್ಟಿ ಹೋಗ್ಬೇಕು."

ಹೊರಗೆ ಬೈಕಿನ ಹತ್ತಿರ ಮನು ಹೆಂಡತಿಯ ಮೇಲೆ ಕೂಗಾಡಿದ. "ಒಂದು ಹೂಂ ಅನ್ನಕ್ಕೆ ಏನಾಗಿತ್ತು ನಿಂಗೆ? ಯಾರಿಗೋಸ್ಕರ ಮಾಡಿದೆ ನಾನು ಇದೆಲ್ಲ?"

"ಆಗ್ಲೇ ಒಂದ್ಸಲ ಗೊತ್ತಿದ್ದೂ ಸುಮ್ನಿದ್ದೆ," ಎಂದಳು ದಿವ್ಯ. "ಅಕ್ಕನ ಕೆಲಸ ಹೋಯ್ತು."

"ಈಗ ಅಪ್ಪನ ಹತ್ರ ಹೋಗಿ ನಾನು ಏನಂತ ಕೇಳ್ಲಿ?"

"ಆಗಿದ್ದನ್ನ ಬರೀರಿ ಅಂತ ಕೇಳಿ."

ಮನು ಮನೆಗೆ ಹೋಗಲಿಲ್ಲ. ಅವಳನ್ನು ಸಾರಕ್ಕಿ ಸಿಗ್ನಲ್ಲಿನಲ್ಲಿ ಇಳಿಸಿ ಅಂಗಡಿಗೆ ಹೋದ. ದಿವ್ಯ ಮನೆಗೆ ಬಂದು, ಟಿ.ವಿ.ಯ ಪಕ್ಕದಿಂದ ಮೊದಲಿನ ಪತ್ರ ತೆಗೆದು, ಪೆನ್ನಿನ ಜತೆ ಮಾವನ ಮುಂದೆ ಹಿಡಿದಳು. ಮದುವೆಯಾಗಿ ಬಂದ ಮೇಲೆ ಅವಳು ಮಾವನಿಗೆ ನೇರವಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಮಾವ, ಒಂದು ಸೈನ್ ಹಾಕಿ. ನಾಲ್ಕು ಗಂಟೆ ಆಯ್ತು."

ಕೆಂಪರಾಜು ಪತ್ರ ತೆಗೆದುಕೊಳ್ಳಲಿಲ್ಲ. "ಮುಂದಿನ ವರ್ಷ ಬರಿ ಬಿಡಮ್ಮ. ಎಲ್ಲಿಗೋಗುತ್ತೆ ಪರೀಕ್ಷೆ?" ಎಂದ. ಬೈಗುಳದ ದನಿ ಅದಾಗಿರಲಿಲ್ಲ. ಮಗುವನ್ನು ಸಮಾಧಾನ ಮಾಡುವಂತೆ ಹೇಳಿದ. ಒಳಗಿನಿಂದ ಮುನಿಲಕ್ಷ್ಮಮ್ಮ, "ಕಾಫಿ ಇಡ್ತೀಯೇನಮ್ಮಾ?" ಎಂದು ಕೂಗಿದಳು.

ದಿವ್ಯ ಕಾಫಿ ಇಟ್ಟಳು. ಎಲ್ಲರಿಗೂ ಕೊಟ್ಟಳು. ಆಮೇಲೆ ಎರಡು ಜೊತೆ ಬಟ್ಟೆ ತುಂಬಿಕೊಂಡು, ಯಾರಿಗೂ ಹೇಳದೆ ಬನ್ನೇರುಘಟ್ಟ ರಸ್ತೆಯ ಬಸ್ಸು ಹತ್ತಿ ಗೊಟ್ಟಿಗೆರೆಗೆ ಹೋದಳು.

ಒಂಬತ್ತು ದಿನ ಅಲ್ಲಿದ್ದಳು. ಆ ಒಂಬತ್ತು ದಿನ ಸಾರಕ್ಕಿಯ ಮನೆಯ ಅಡುಗೆ, ತಾಯಿಯ ಸ್ನಾನ, ಬಟ್ಟೆ ಎಲ್ಲ ಚೈತ್ರಳ ಮೇಲೆ ಬಿತ್ತು. ಅವಳ ಮುದ್ದೆ ಗಂಟಾಗುತ್ತಿತ್ತು; ಕೆಂಪರಾಜು ಏನೂ ಹೇಳದೆ ತಿನ್ನುತ್ತಿದ್ದ. ಹತ್ತನೇ ದಿನ ಲಕ್ಕಪ್ಪ ಮಗಳನ್ನು ಕರೆದುಕೊಂಡು ಬಂದು ನಡುಮನೆಯಲ್ಲಿ ಕೂತ. ಜಗಳ ಆಡುವ ಮನುಷ್ಯ ಅವನಲ್ಲ.

"ನಾನು ಒಂದೇ ಕೇಳಿದ್ದೆ ಭಾವ. ನೀವು ಆಗ್ಲಿ ಅಂದಿದ್ರಿ. ಮಗಳನ್ನ ಮನೇಲಿಟ್ಕೊಳಕ್ಕೆ ನನಗೇನೂ ಕಷ್ಟ ಇಲ್ಲ. ಜನ ಕೇಳ್ತಾರೆ, ನಾನು ಏನಂತ ಹೇಳ್ಲಿ ಹೇಳಿ."

ಜನ ಎಂಬ ಮಾತು ಬಂದ ಕೂಡಲೇ ಕೆಂಪರಾಜು ಇಳಿದ. "ಓದ್ಲಿ ಬಿಡಿ. ಯಾರು ಬೇಡ ಅಂದ್ರು? ಆ ಸೆಮಿಸ್ಟರು ಮತ್ತೆ ಫೆಬ್ರವರಿಗೆ ಬರುತ್ತಂತೆ. ದಿನಾ ಕಾಲೇಜಿಗೇ ಹೋಗ್ಲಿ, ಈ ಫೋನು ಗೀನು ಬೇಡ. ಈಗ ತೊಂದ್ರೆನೂ ಇಲ್ಲ." ಅವನು ಅಡುಗೆಮನೆಯ ಬಾಗಿಲ ಕಡೆ ಕೈ ತೋರಿಸಿದ. "ಚೈತ್ರ ಮನೇಲೇ ಇರ್ತಾಳಲ್ಲ."

ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಚೈತ್ರ ಆ ಮಾತು ಕೇಳಿದಳು. ದಿವ್ಯಳೂ ಕೇಳಿದಳು. ಲಕ್ಕಪ್ಪ ಸಮಾಧಾನದಿಂದ ಲೋಟ ತೆಗೆದುಕೊಂಡ.

ಜುಲೈನಲ್ಲಿ ಪರೀಕ್ಷೆಗಳು ನಡೆದವು. ದಿವ್ಯಳ ಜತೆಯವರೆಲ್ಲ ಬರೆದರು. ಚೈತ್ರ ಕೆಲಸ ಹುಡುಕಿದಳು. ಎರಡು ಕಾಲೇಜು, ಒಂದು ಟ್ಯೂಷನ್ ಕಂಪನಿ ಕರೆದವು. ಎಲ್ಲ ಕಡೆಯೂ ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದರು, ಹಳೆಯ ಕಾಲೇಜಿಗೆ ಫೋನ್ ಮಾಡಿದರು. ಅನಂತಪದ್ಮನಾಭ ಅವಳ ಕೆಲಸವನ್ನು ಹೊಗಳಿದರು. ಹಾಜರಿ ತಿದ್ದಿದ್ದು ನಿಜವೇ ಎಂದು ಕೇಳಿದಾಗ ಹೌದು ಎಂದರು. ದಸರಾ ಹೊತ್ತಿಗೆ ಅವಳು ಅರ್ಜಿ ಹಾಕುವುದನ್ನು ಬಿಟ್ಟಳು.

ಮುನಿಲಕ್ಷ್ಮಮ್ಮನ ಮಂಡಿ ಸರಿಹೋಯಿತು. ಕಡಿದಾದ ಮೆಟ್ಟಿಲೊಂದು ಬಿಟ್ಟರೆ ಎಲ್ಲ ಕಡೆ ಓಡಾಡುತ್ತಿದ್ದಳು. ಆದರೂ ಅಡುಗೆ ಮತ್ತೆ ಅವಳ ಕೈಗೆ ಹೋಗಲಿಲ್ಲ. ಫೆಬ್ರವರಿಯಲ್ಲಿ ದಿವ್ಯ ಆರನೇ ಸೆಮಿಸ್ಟರಿಗೆ ಮತ್ತೆ ಸೇರಿದಳು. ಬೆಳಿಗ್ಗೆ ಎಂಟೂಕಾಲಿಗೆ ಮನೆ ಬಿಡಬೇಕು. ಹೊರಡುವ ಮುಂಚೆ ಆದಷ್ಟು ಕೆಲಸ ಮುಗಿಸಿ ಹೋಗುತ್ತಿದ್ದಳು. ಒಂದು ದಿನ ಪಾತ್ರೆ ಉಜ್ಜಲು ಕೂತವಳ ಕೈಯಿಂದ ಚೈತ್ರ ಪಾತ್ರೆ ಕಿತ್ತುಕೊಂಡಳು.

"ಬಸ್ ತಪ್ಪುತ್ತೆ, ಹೋಗು."

"ಅಕ್ಕ, ನೀವು…"

"ಹೋಗು ಅಂದ್ನಲ್ಲ."

ದಿವ್ಯ ಕೈ ತೊಳೆದುಕೊಂಡು ಹೋದಳು. ಅವರಿಬ್ಬರ ನಡುವೆ ಈಗ ಇಷ್ಟೇ ಮಾತು. ಜಗಳ ಆಗಿರಲಿಲ್ಲ. ಹಿಂದೆ ಸ್ಕೂಟರಿನ ಮೇಲೆ ಸಾರಕ್ಕಿಯಿಂದ ಜಯನಗರದವರೆಗೆ ನಿಲ್ಲದೆ ಮಾತಾಡುತ್ತಿದ್ದವರು ಈಗ ಒಬ್ಬರನ್ನೊಬ್ಬರು ನೋಡಿದರೆ ಕೈಗೆ ಸಿಕ್ಕಿದ್ದನ್ನು ಒರೆಸತೊಡಗುತ್ತಿದ್ದರು.

ಮಾರ್ಚ್ ತಿಂಗಳ ಒಂದು ಮಂಗಳವಾರ, ಹನ್ನೊಂದು ಗಂಟೆಯ ಹೊತ್ತು. ಚೈತ್ರ ಅವರೆಕಾಳು ಹಿಸುಕುತ್ತ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಮುನಿಲಕ್ಷ್ಮಮ್ಮ ಫೋನು ಹಿಡಿದು ಬಂದು, ಬಾಯಿಗೆ ಕೈ ಅಡ್ಡ ಇಟ್ಟು ಪಿಸುಮಾತಿನಲ್ಲಿ ಹೇಳಿದಳು.

"ಕನಕಪುರ ರೋಡಿನ ಕಡೆಯೋರು ಕಣೇ. ಎರಡನೇ ಸಂಬಂಧ. ಮಗು ಒಂದಿದೆ, ಮನೆ ಸ್ವಂತದ್ದು. ಭಾನುವಾರ ಬರ್ತೀವಿ ಅಂತವ್ರೆ. ಬರ್ಲಿ ಅನ್ಲಾ?"

ಚೈತ್ರ ಒಂದು ಕಾಳು ಹಿಸುಕಿದಳು, ಇನ್ನೊಂದು ಹಿಸುಕಿದಳು. ತಾಯಿ ಕಾಯುತ್ತಿದ್ದಳು. ಈ ಸಲ ಮಗಳ ಬಾಯಿಂದ 'ನನಗೊಂದು ಕೆಲಸ ಇದೆಯಲ್ಲಮ್ಮ' ಎಂಬ ಆ ಹಳೆಯ ಮಾತು ಬರಲಿಲ್ಲ.

"ಅನ್ನು."

ಮುನಿಲಕ್ಷ್ಮಮ್ಮನ ಮುಖ ಸಡಿಲವಾಯಿತು. ಫೋನು ಕಿವಿಗಿಡಲು ಹೋದವಳು ತಡೆದು, "ಹುಡುಗಿ ಏನು ಮಾಡ್ತಾಳೆ ಅಂತ ಕೇಳ್ತವ್ರೆ. ಏನು ಹೇಳ್ಲಿ?" ಎಂದಳು.

"ಮನೇಲಿದ್ದಾಳೆ ಅಂತ ಹೇಳು," ಎಂದಳು ಚೈತ್ರ.